ದೋಣಿಗಾಗಿ ಕಟ್ಟಿದ ಅಣೆಕಟ್ಟು ನದಿಗೆ ಏನು ಮಾಡುತ್ತದೆ?

ಪ್ರಶ್ನೆ: ನನ್ನ ತವರು ಇಂಡಿ ತಾಲೂಕು, ಭೀಮಾ ದಂಡೆಯ ಹಳ್ಳಿ. ಮದುವೆಯಾಗಿ ಪುಣೆಯ ಮುಂಢವಾಕ್ಕೆ ಬಂದು ಹದಿನೆಂಟು ವರ್ಷವಾಯಿತು. ಇಲ್ಲಿ ಮುಳಾ-ಮುಠಾ ನದಿಯ ದಂಡೆ ಅಭಿವೃದ್ಧಿ ಕೆಲಸ ನಡೆದಿದೆ. ಅಲ್ಲಲ್ಲಿ ಬ್ಯಾರೇಜ್ ಕಟ್ಟಿ ವರ್ಷಪೂರ್ತಿ ನೀರು ನಿಲ್ಲಿಸುತ್ತಾರೆ, ದೋಣಿ ಓಡುತ್ತವೆ ಎಂದು ಸೊಸೈಟಿಯಲ್ಲಿ ಮಾತು. ಕಾಲೇಜಿಗೆ ಹೋಗುವ ಮಗಳು ಬೇರೆಯೇ ಹೇಳುತ್ತಾಳೆ. ಅಮೆರಿಕದಲ್ಲಿ ದೋಣಿಗಳಿಗೆ, ಬಾರ್ಜು ಎಂಬ ಸರಕಿನ ಚಪ್ಪಟೆ ದೋಣಿಗಳಿಗೆಂದೇ ಕಟ್ಟಿದ ಅಣೆಕಟ್ಟುಗಳನ್ನು ಈಗ ಒಡೆಯುತ್ತಿದ್ದಾರಂತೆ. ಅಣೆಕಟ್ಟು ದೋಣಿಗೆ ಅಡ್ಡ ಅಲ್ವಾ? ಅದರಿಂದ ನದಿಗೆ ಏನಾಗುತ್ತದೆ? ಒಡೆದರೆ ನದಿ ಮೊದಲಿನ ಹಾಗೆ ಆಗುತ್ತದಾ?

ಉತ್ತರ: ತಂಗಿ, ನಿಮ್ಮ ಮನೆಯ ಹತ್ತಿರ ಹರಿಯುವ ನೀರು ನಿಮ್ಮ ತವರಿಗೇ ಹೋಗುತ್ತದೆ. ಮುಳಾ-ಮುಠಾ ಮುಂದೆ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಅಣೆಕಟ್ಟು ದಾಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಸೊಲ್ಲಾಪುರದ ಕಡೆಯಿಂದ ನಿಮ್ಮ ಇಂಡಿ ತಾಲೂಕಿನ ಅಂಚಿಗೆ ಬರುತ್ತದೆ. ಹಾಗಾಗಿ ನೀವು ಕೇಳಿದ್ದು ಎರಡೂ ಊರಿನ ಪ್ರಶ್ನೆ. ನಾನು ಧಾರವಾಡದ ಕಡೆಯವನು. ಪುಣೆಯಲ್ಲಿ ಮೂವತ್ತು ವರ್ಷ ನದಿಗಳ ಮಾದರಿ ಕಟ್ಟಿ, ಅದರಲ್ಲಿ ನೀರು ಹರಿಸಿ ಅಳೆಯುವ ಕೆಲಸ ಮಾಡಿದ್ದೇನೆ. ಈ ವಿಷಯ ನನಗೆ ಹತ್ತಿರದ್ದು, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಅಡ್ಡ ಅಲ್ವಾ ಅನ್ನುವ ಪ್ರಶ್ನೆ. ಬೇಸಿಗೆಯ ಭೀಮೆಯನ್ನು ನೆನಪು ಮಾಡಿಕೊಳ್ಳಿ. ಒಂದು ಕಡೆ ಆಳದ ಮಡು. ಮುಂದೆ ಕಲ್ಲು ಕಾಣುವಷ್ಟು ತೆಳು ನೀರು, ಜನ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆ. ಅದರ ಮುಂದೆ ಮತ್ತೆ ಮಡು. ಮಡುವಿನಲ್ಲಿ ದೋಣಿ ಸಲೀಸಾಗಿ ಹೋಗುತ್ತದೆ, ಕಲ್ಲಿನ ಮೇಲೆ ಬಂದಾಗ ತಳ ತಾಗಿ ನಿಂತುಬಿಡುತ್ತದೆ. ದೊಡ್ಡ ದೋಣಿಗೆ ಎಲ್ಲ ಕಡೆ ಒಂದೇ ಆಳ ಬೇಕು. ಅದಕ್ಕೆ ಎಂಜಿನಿಯರುಗಳು ಕಂಡುಕೊಂಡ ದಾರಿ, ನದಿಯನ್ನೇ ಮೆಟ್ಟಿಲು ಮಾಡುವುದು. ಒಂದು ಗಿಡ್ಡ ಅಣೆಕಟ್ಟು ಕಟ್ಟಿದರೆ ಹಿಂದೆ ನೀರು ಮಟ್ಟವಾಗಿ ನಿಲ್ಲುತ್ತದೆ. ಆ ನಿಂತ ನೀರು ಮುಗಿಯುವ ಜಾಗದಲ್ಲಿ ಇನ್ನೊಂದು ಅಣೆಕಟ್ಟು. ಅದರ ಹಿಂದೆ ಮತ್ತೊಂದು. ಇಳಿಜಾರಾಗಿ ಹರಿಯುತ್ತಿದ್ದ ನದಿ ಕೆರೆಗಳ ಸಾಲು ಆಗುತ್ತದೆ.

ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದೋಣಿ ಹತ್ತಿಸಲು ಪಕ್ಕದಲ್ಲಿ ಲಾಕ್ ಇರುತ್ತದೆ. ಲಾಕ್ ಎಂದರೆ ಎರಡು ಬಾಗಿಲಿನ ಉದ್ದನೆಯ ಕೋಣೆ. ದೋಣಿ ಕೆಳಗಿನ ಬಾಗಿಲಿನಿಂದ ಒಳಗೆ ಬಂದು ನಿಲ್ಲುತ್ತದೆ. ಬಾಗಿಲು ಮುಚ್ಚುತ್ತಾರೆ. ಮೇಲಿನ ಕೆರೆಯ ನೀರನ್ನು ತೂಬಿನಿಂದ ಕೋಣೆಗೆ ಬಿಡುತ್ತಾರೆ. ನೀರು ಏರುತ್ತದೆ, ದೋಣಿಯೂ ಏರುತ್ತದೆ. ಮೇಲಿನ ಮಟ್ಟಕ್ಕೆ ಬಂದಾಗ ಆಚೆ ಬಾಗಿಲು ತೆರೆಯುತ್ತಾರೆ, ದೋಣಿ ಹೊರಟಿತು. ಪಂಪು ಬೇಡ, ನೀರಿನ ತೂಕವೇ ಎಲ್ಲ ಕೆಲಸ ಮಾಡುತ್ತದೆ. ಮೊದಲ ಸಲ ನೋಡಿದವರು ಬೆರಗಾಗುತ್ತಾರೆ. ನನಗೆ ಇವತ್ತಿಗೂ ಅದು ಮನುಷ್ಯ ಕಂಡುಹಿಡಿದ ಅತಿ ಚೆಂದದ ಯಂತ್ರಗಳಲ್ಲಿ ಒಂದು.

ಇದರಿಂದ ಲಾಭವೂ ದೊಡ್ಡದು. ಅಮೆರಿಕದ ಮಿಸಿಸಿಪ್ಪಿ ನದಿಯ ಮೇಲ್ಭಾಗದಲ್ಲಿ 9 ಅಡಿ ಆಳದ ದಾರಿ ಮಾಡಲು 1930ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಅಲ್ಲಿ ಇಂಥ 29 ಲಾಕುಗಳಿವೆ. ಒಂದು ತಳ್ಳುದೋಣಿ 15 ಬಾರ್ಜುಗಳನ್ನು ಒಟ್ಟಿಗೆ ಕಟ್ಟಿಕೊಂಡು ಹೋಗುತ್ತದೆ, ಒಂದೊಂದರಲ್ಲಿ ಸುಮಾರು 1,500 ಟನ್ ಜೋಳವೋ ಸೋಯಾವೋ ಇರುತ್ತದೆ. ಅಷ್ಟು ಸರಕು ಲಾರಿಯಲ್ಲಿ ಹೋಗಬೇಕಾದರೆ ನಮ್ಮ ಸೊಲ್ಲಾಪುರ ರಸ್ತೆ ಹಡಪ್ಸರದಿಂದ ಎಷ್ಟು ದೂರ ಲಾರಿಗಳಿಂದಲೇ ತುಂಬಬೇಕು, ಯೋಚಿಸಿ. ಡೀಸೆಲ್ ಉಳಿಯುತ್ತದೆ, ಹೊಗೆ ಕಡಿಮೆ. ಹಾಗಾಗಿ ಈ ಅಣೆಕಟ್ಟುಗಳನ್ನು ಕಟ್ಟಿದವರು ತಿಳಿಗೇಡಿಗಳಲ್ಲ.

ಆದರೆ ನದಿ ಕೊಟ್ಟ ಬೆಲೆ ಏನು ಎನ್ನುವುದು ಗೊತ್ತಾಗಲು ಬಹಳ ವರ್ಷ ಹಿಡಿಯಿತು.

ಸಾಮಾನ್ಯವಾಗಿ ಅಣೆಕಟ್ಟು ಎಂದರೆ ಮಳೆಗಾಲದ ನೀರು ಹಿಡಿದಿಡುವುದು ಎಂದುಕೊಳ್ಳುತ್ತೇವೆ. ದೋಣಿಯ ಅಣೆಕಟ್ಟು ಹಾಗಲ್ಲ. ಪ್ರವಾಹ ಬಂದಾಗ ಅದರ ಗೇಟುಗಳನ್ನೆಲ್ಲ ಎತ್ತಿಬಿಡುತ್ತಾರೆ, ನೀರು ಸುಮ್ನೆ ಹಾದುಹೋಗುತ್ತದೆ. ಪ್ರವಾಹ ತಡೆಯುವ ಶಕ್ತಿ ಅದಕ್ಕಿಲ್ಲ. ಅದು ಬದಲಾಯಿಸುವುದು ನದಿಯ ಬೇಸಿಗೆಯನ್ನು. ನೀರು ಇಳಿಯುವ ಕಾಲ, ಕಲ್ಲು ಕಾಣುವ ಕಾಲ, ಮಣ್ಣು ಬಿಸಿಲಿಗೆ ಒಣಗಿ ಬಿರಿಯುವ ಕಾಲವೇ ಇಲ್ಲವಾಗುತ್ತದೆ. ನದಿಯ ಜೀವ ಇರುವುದು ಆ ಕಾಲದಲ್ಲೇ. ತೆಳು ನೀರು ಕಲ್ಲಿಗೆ ಬಡಿದು ಹರಿಯುವಾಗ ಗಾಳಿ ಬೆರೆಯುತ್ತದೆ, ಮೀನಿಗೆ ಉಸಿರು ಸಿಗುತ್ತದೆ. ಕಲ್ಲಿನ ಸಂದಿಯಲ್ಲಿ ಹುಳು ಬೆಳೆಯುತ್ತವೆ. ಎಷ್ಟೋ ಜಾತಿಯ ಮೀನು ಮೊಟ್ಟೆ ಇಡುವುದು ತೊಳೆದ ಜಲ್ಲಿಯ ಮೇಲೆ. ಒಣಗಿದ ದಂಡೆಯ ಮಣ್ಣಿನಲ್ಲಿ ಬೀಜ ಮೊಳೆತು ಹುಲ್ಲು, ಜೊಂಡು ಏಳುತ್ತದೆ. ವರ್ಷಪೂರ್ತಿ ಒಂದೇ ಮಟ್ಟಕ್ಕೆ ನೀರು ನಿಲ್ಲಿಸಿದರೆ ಇದೆಲ್ಲದರ ಮೇಲೆ ಮೊದಲು ನೀರು, ಆಮೇಲೆ ಕೆಸರು.

ಮಿಸಿಸಿಪ್ಪಿಯಲ್ಲಿ ಆದದ್ದೂ ಇದೇ. 1930ರ ದಶಕದಲ್ಲಿ ನೀರು ನಿಂತಾಗ ಮೊದಲು ಚೆನ್ನಾಗಿಯೇ ಇತ್ತು. ಹೊಸ ಜೌಗು, ಹೊಸ ಹಕ್ಕಿ, ಬೇಕಾದಷ್ಟು ಮೀನು. ಮೊದಲ ಕೆಲವು ವರ್ಷ ನೋಡಿದವರು ನದಿಗೆ ಒಳ್ಳೆಯದಾಯಿತು ಎಂದೇ ಹೇಳುತ್ತಿದ್ದರು. ಆಮೇಲೆ ಅಗಲ ನೀರಿನ ಮೇಲೆ ಗಾಳಿ ಎಬ್ಬಿಸಿದ ಅಲೆ ನಡುಗಡ್ಡೆಗಳನ್ನು ತಿಂದುಹಾಕಿತು. ಪಕ್ಕದ ಕೊಳಗಳಲ್ಲಿ ಹೂಳು ತುಂಬಿತು. ನೀರು ಕದಡಿದ್ದರಿಂದ ತಳಕ್ಕೆ ಬಿಸಿಲು ಮುಟ್ಟಲಿಲ್ಲ, ಗಿಡ ಸತ್ತವು. ಮೊದಲ ಹತ್ತು ವರ್ಷದ ಫೋಟೋ ನೋಡಿ ತೀರ್ಪು ಕೊಡಬಾರದು ಎಂದು ನಾನು ಕಿರಿಯರಿಗೆ ಹೇಳುತ್ತಿದ್ದದ್ದು ಇದಕ್ಕೇ.

ಒಂದು ಕಪ್ಪೆಚಿಪ್ಪಿನ ಕಥೆ ಹೇಳುತ್ತೇನೆ. ಅದೇ ನದಿಯಲ್ಲಿ ಎಬೊನಿ ಎನ್ನುವ ಕಪ್ಪು ಬಣ್ಣದ ಚಿಪ್ಪು ಹೇರಳವಾಗಿತ್ತು. ಪ್ಲಾಸ್ಟಿಕ್ ಬರುವ ಮೊದಲು ಅಂಗಿಯ ಗುಂಡಿ ಮಾಡಲು ಅದೇ ಬೇಕಾಗಿತ್ತು. ಈ ಚಿಪ್ಪಿನ ಮರಿ ತಾನಾಗಿ ಬೆಳೆಯುವುದಿಲ್ಲ. ಸ್ಕಿಪ್‌ಜಾಕ್ ಎಂಬ ಮೀನಿನ ಕಿವಿರಿಗೆ ಅಂಟಿಕೊಂಡು ಕೆಲವು ದಿನ ಕಳೆದು, ಆಮೇಲೆ ತಳಕ್ಕೆ ಬಿದ್ದು ದೊಡ್ಡದಾಗುತ್ತದೆ. ಆ ಮೀನು ದೂರ ಪ್ರಯಾಣ ಮಾಡುವ ಜಾತಿ. 1913ರಲ್ಲಿ ಕಿಯೋಕಕ್ ಎಂಬಲ್ಲಿ ಲಾಕ್ ಇರುವ ದೊಡ್ಡ ಅಣೆಕಟ್ಟು ಎದ್ದಿತು. ಮೀನಿಗೆ ಮೇಲೆ ಹೋಗಲು ಆಗಲಿಲ್ಲ. ಮೇಲಿದ್ದ ಚಿಪ್ಪುಗಳು ತಕ್ಷಣ ಸಾಯಲಿಲ್ಲ. ಚಿಪ್ಪುಗಳ ಆಯಸ್ಸು ದೊಡ್ಡದು, ಎಷ್ಟೋ ವರ್ಷ ಹಾಗೇ ಕೂತಿದ್ದವು, ಮರಿ ಮಾತ್ರ ಇಲ್ಲ. ನೋಡಿದವರಿಗೆ ನದಿಯಲ್ಲಿ ಚಿಪ್ಪು ಇದೆ ಎಂದೇ ಕಾಣುತ್ತಿತ್ತು. ಮುದುಕರು ಮಾತ್ರ ಉಳಿದ ಹಳ್ಳಿ ನೋಡಿದ್ದೀರಲ್ಲ, ಅದೇ ರೀತಿ. ಕೊನೆಗೆ ಆ ಅಣೆಕಟ್ಟಿನ ಮೇಲ್ಭಾಗದಲ್ಲಿ ಆ ಜಾತಿ ಹೆಚ್ಚುಕಡಿಮೆ ಇಲ್ಲವಾಯಿತು.

ಇನ್ನು ಮರಳು ಮತ್ತು ಜಲ್ಲಿ. ನದಿ ನೀರನ್ನಷ್ಟೇ ಸಾಗಿಸುವುದಿಲ್ಲ, ನೆಲವನ್ನೂ ಸಾಗಿಸುತ್ತದೆ. ಅಣೆಕಟ್ಟಿನ ಹಿಂದೆ ನೀರು ನಿಧಾನವಾದಾಗ ಅದು ತನ್ನ ಹೊರೆ ಅಲ್ಲೇ ಇಳಿಸುತ್ತದೆ. ಕೆಳಗೆ ಹೋಗುವುದು ಖಾಲಿ ಕೈಯ ನೀರು. ಆ ನೀರಿಗೆ ಹಸಿವು ಜಾಸ್ತಿ. ಸಿಕ್ಕ ತಳವನ್ನು, ಸಿಕ್ಕ ದಂಡೆಯನ್ನು ಕೊರೆಯುತ್ತದೆ. ಜರ್ಮನಿ-ಫ್ರಾನ್ಸ್ ಗಡಿಯ ರೈನ್ ನದಿಯಲ್ಲಿ ಇಫೆಟ್ಸ್‌ಹೈಮ್ ಎಂಬ ಲಾಕ್-ಅಣೆಕಟ್ಟು 1977ರಲ್ಲಿ ಮುಗಿಯಿತು. ಮರುವರ್ಷದಿಂದಲೇ ಅದರ ಕೆಳಗೆ ಬಾರ್ಜುಗಳಲ್ಲಿ ಜಲ್ಲಿ ತಂದು ನದಿಗೆ ಸುರಿಯಲು ಶುರು ಮಾಡಿದರು. ಇವತ್ತಿಗೂ ಸುರಿಯುತ್ತಿದ್ದಾರೆ. ನದಿ ಪುಕ್ಕಟೆ ಮಾಡುತ್ತಿದ್ದ ಕೆಲಸವನ್ನು ಮನುಷ್ಯ ದುಡ್ಡು ಕೊಟ್ಟು, ಪ್ರತಿ ವರ್ಷ, ಕೊನೆಯಿಲ್ಲದೆ ಮಾಡಬೇಕು.

ನಮ್ಮ ದೇಶದಲ್ಲಿ ಹಡಗಿಗೆಂದು ಕಟ್ಟಿದ ದೊಡ್ಡ ಬ್ಯಾರೇಜ್ ಒಂದಿದೆ, ಫರಕ್ಕಾ. ಅದು ನೀರಾವರಿಯದ್ದು ಎಂದುಕೊಂಡವರು ಬಹಳ. ಗಂಗೆಯ ನೀರನ್ನು ಸುಮಾರು 38 ಕಿ.ಮೀ. ಕಾಲುವೆಯಲ್ಲಿ ಹೂಗ್ಲಿಗೆ ತಿರುಗಿಸಿ, ಕೋಲ್ಕತ್ತಾ ಬಂದರಿನ ಹೂಳು ತೊಳೆಯಬೇಕು, ಹಡಗು ಬರುವಂತೆ ಮಾಡಬೇಕು ಎನ್ನುವುದು ಅದರ ಉದ್ದೇಶ. 1975ರಲ್ಲಿ ಕೆಲಸ ಶುರು ಮಾಡಿತು. ಕಾಲುವೆಗೆ 40,000 ಕ್ಯೂಸೆಕ್ ನೀರು ಒಯ್ಯುವ ಸಾಮರ್ಥ್ಯ. ಕಟ್ಟುವ ಮೊದಲೇ ಕಪಿಲ್ ಭಟ್ಟಾಚಾರ್ಯ ಎಂಬ ಬಂಗಾಳಿ ಎಂಜಿನಿಯರ್ ಇದರಿಂದ ಬಂದರು ಉಳಿಯುವುದಿಲ್ಲ, ಹೂಳು ಮತ್ತು ಪ್ರವಾಹ ಜಾಸ್ತಿಯಾಗುತ್ತದೆ ಎಂದು ಎಚ್ಚರಿಸಿದ್ದರು. ಅವರ ಮಾತು ಆಗ ಯಾರಿಗೂ ಬೇಡವಾಗಿತ್ತು. ಹೂಗ್ಲಿಯಲ್ಲಿ ಹೂಳೆತ್ತುವ ಡ್ರೆಜ್ಜರು ಇವತ್ತಿಗೂ ನಿಂತಿಲ್ಲ. ಬ್ಯಾರೇಜಿನ ಮೇಲೆ ಮಾಲ್ದಾ, ಕೆಳಗೆ ಮುರ್ಶಿದಾಬಾದ್, ಎರಡೂ ಕಡೆ ಗಂಗೆ ದಂಡೆಯನ್ನು ಕೊರೆದು ಹೊಲ, ಮನೆ, ಶಾಲೆಗಳನ್ನೇ ಒಯ್ದಿದೆ. ಮೊದಲು ಅಲಹಾಬಾದ್‌ವರೆಗೂ ಹತ್ತಿ ಹೋಗುತ್ತಿದ್ದ ಹಿಲ್ಸಾ ಮೀನು ಫರಕ್ಕಾದ ಮೇಲೆ ಅಪರೂಪವಾಯಿತು. 2016ರ ಪ್ರವಾಹದಲ್ಲಿ ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರ್ ಫರಕ್ಕಾವನ್ನೇ ತೆಗೆಯಿರಿ ಎಂದು ಕೇಂದ್ರವನ್ನು ಕೇಳಿದರು. ತೆಗೆಯುವುದು ಅಷ್ಟು ಸುಲಭವಲ್ಲ. ಅದರ ಮೇಲೆ ರೈಲು ಇದೆ, ಹೆದ್ದಾರಿ ಇದೆ, ಬಾಂಗ್ಲಾದೇಶದ ಜೊತೆ ನೀರಿನ ಒಪ್ಪಂದ ಇದೆ. ಒಂದು ಅಣೆಕಟ್ಟಿನ ಸುತ್ತ ಐವತ್ತು ವರ್ಷದಲ್ಲಿ ಒಂದು ಲೋಕವೇ ಬೆಳೆದುಬಿಡುತ್ತದೆ.

ಗೋವಾದಲ್ಲಿ ನೆಂಟರಿದ್ದರೆ ಮಾಂಡವಿ, ಜುವಾರಿ ನದಿ ನೋಡಿರುತ್ತೀರಿ. ಕಬ್ಬಿಣದ ಅದಿರು ತುಂಬಿದ ಬಾರ್ಜುಗಳು ಎಷ್ಟೋ ದಶಕ ಆ ನದಿಗಳಲ್ಲೇ ಇಳಿದು ಬಂದರಿಗೆ ಹೋದವು. ಅವಕ್ಕೆ ಒಂದು ಲಾಕೂ ಬೇಕಾಗಲಿಲ್ಲ. ಅಲ್ಲಿ ಸಮುದ್ರದ ಭರತವೇ ದಿನಕ್ಕೆ ಎರಡು ಸಲ ನೀರು ಏರಿಸಿ ಕೊಡುತ್ತದೆ. ಪುಣೆ ಘಟ್ಟದ ಮೇಲಿನ ಊರು. ಇಲ್ಲಿ ಭರತ ಇಲ್ಲ, ಬೇಸಿಗೆಯಲ್ಲಿ ಆಳ ಬೇಕೆಂದರೆ ಅಡ್ಡ ಕಟ್ಟಲೇಬೇಕು. ಯಾವ ನದಿಯಲ್ಲಿ ದೋಣಿ ಎನ್ನುವುದು ಮೊದಲ ಪ್ರಶ್ನೆ.

ಈಗ ಒಡೆಯುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಗಳು ಹೇಳಿದ್ದು ನಿಜ.

ಕೆಂಟಕಿ ರಾಜ್ಯದಲ್ಲಿ ಗ್ರೀನ್ ಎಂಬ ನದಿ ಇದೆ. ಅದರ 6ನೇ ನಂಬರಿನ ಲಾಕ್-ಅಣೆಕಟ್ಟು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಕಟ್ಟಿದ್ದು. ದೋಣಿ ಸಂಚಾರ ಕಡಿಮೆಯಾಗಿ 1951ರಲ್ಲಿ ಲಾಕ್ ಮುಚ್ಚಿದರು. ಅಲ್ಲಿಂದ ಅರವತ್ತೈದು ವರ್ಷ ಅದು ಸುಮ್ನೆ ನಿಂತಿತ್ತು. ದೋಣಿ ಇಲ್ಲ, ವಿದ್ಯುತ್ ಇಲ್ಲ, ನೀರಾವರಿ ಇಲ್ಲ. ಆದರೆ ಅದರ ನಿಂತ ನೀರು ಮೇಲಿನ ಮ್ಯಾಮತ್ ಗುಹೆಯವರೆಗೂ ಒತ್ತುತ್ತಿತ್ತು. ಅದು ಪ್ರಪಂಚದ ಅತಿ ಉದ್ದದ ಗುಹೆ. ಒಳಗೆ ಕತ್ತಲಲ್ಲೇ ನದಿಗಳು ಹರಿಯುತ್ತವೆ, ಅವುಗಳಲ್ಲಿ ಕಣ್ಣಿಲ್ಲದ ಬಿಳಿ ಸೀಗಡಿ ಇದೆ. ಎಲ್ಲೋ ಹೊರಗೆ ದೋಣಿಗೆ ಕಟ್ಟಿದ ಗೋಡೆಯಿಂದಾಗಿ ಗುಹೆಯೊಳಗಿನ ನದಿಯಲ್ಲೂ ನೀರು ನಿಂತು ಕೆಸರು ಕೂತಿತು. 2016ರ ನವೆಂಬರಿನಲ್ಲಿ ಹಳೆಯ ಅಣೆಕಟ್ಟು ತಾನೇ ಬಿರುಕು ಬಿಟ್ಟು ನೀರು ಇಳಿಯಿತು. 2017ರಲ್ಲಿ ಉಳಿದದ್ದನ್ನು ತೆಗೆದರು. ದಶಕಗಳಿಂದ ಮುಳುಗಿದ್ದ ಜಲ್ಲಿ ದಂಡೆಗಳು ಮೇಲೆ ಬಂದವು. ಮುಂದೆ ಅದೇ ನದಿಯ 5ನೇ ಅಣೆಕಟ್ಟನ್ನೂ ತೆಗೆದರು.

ಅಣೆಕಟ್ಟಿನ ಕೆಲಸ ಮುಗಿದರೂ ಅಣೆಕಟ್ಟು ಮುಗಿಯುವುದಿಲ್ಲ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ನೋವು ಕೊಡುವುದು ಇದೇ. ಫ್ಲಾರಿಡಾದ ಓಕ್ಲಾವಾಹ ನದಿಯಲ್ಲಿ ಇದರ ಅತಿ ಕೆಟ್ಟ ಉದಾಹರಣೆ ಇದೆ. ರಾಜ್ಯದ ಅಡ್ಡಕ್ಕೆ ಬಾರ್ಜ್ ಕಾಲುವೆ ತೋಡಬೇಕೆಂದು 1968ರಲ್ಲಿ ಒಂದು ಅಣೆಕಟ್ಟು ಮುಗಿಸಿದರು. 1971ರಲ್ಲಿ ಅಧ್ಯಕ್ಷ ನಿಕ್ಸನ್ ಕಾಲುವೆ ಕೆಲಸವನ್ನೇ ನಿಲ್ಲಿಸಿದರು. ಕಾಲುವೆ ಬರಲೇ ಇಲ್ಲ, ಅಣೆಕಟ್ಟು ಮಾತ್ರ ಅಲ್ಲೇ ಉಳಿಯಿತು. ಅದರ ಹಿನ್ನೀರಿನಲ್ಲಿ ಸುಮಾರು ಇಪ್ಪತ್ತು ತಿಳಿನೀರಿನ ಬುಗ್ಗೆಗಳು ಮುಳುಗಿವೆ. ಕೆಲವು ವರ್ಷಕ್ಕೊಮ್ಮೆ ಕಳೆ ಸಾಯಲೆಂದು ನೀರು ಇಳಿಸುತ್ತಾರೆ. ಆಗ ಸತ್ತ ಮರದ ಬೊಡ್ಡೆಗಳ ನಡುವೆ ಆ ಬುಗ್ಗೆಗಳು ಮತ್ತೆ ಉಕ್ಕುತ್ತವೆ, ಜನ ದೋಣಿ ತಗೊಂಡು ನೋಡಲು ಹೋಗುತ್ತಾರೆ. ಮತ್ತೆ ಗೇಟು ಹಾಕುತ್ತಾರೆ, ಮತ್ತೆ ಮುಳುಗುತ್ತವೆ. ತೆಗೆಯಿರಿ ಎನ್ನುವ ಹೋರಾಟ ಐವತ್ತು ವರ್ಷ ದಾಟಿದೆ. ಬೇಡ ಎನ್ನುವವರೂ ಇದ್ದಾರೆ. ಆ ಹಿನ್ನೀರಿನಲ್ಲಿ ಗಾಳ ಹಾಕಿ ಮೂರು ತಲೆಮಾರು ಬೆಳೆದಿದೆ, ಅವರಿಗೆ ಅದೇ ನದಿ. ಅವರ ಮಾತನ್ನೂ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಒಡೆದರೆ ನದಿ ಮೊದಲಿನ ಹಾಗೆ ಆಗುತ್ತದಾ? ನೀರು ಮತ್ತು ಮೀನಿನ ಮಟ್ಟಿಗೆ ಆಶ್ಚರ್ಯವಾಗುವಷ್ಟು ಬೇಗ ಆಗುತ್ತದೆ. ಮೇನ್ ರಾಜ್ಯದ ಕೆನೆಬೆಕ್ ನದಿಯಲ್ಲಿ 1837ರಲ್ಲಿ ಕಟ್ಟಿದ ಎಡ್ವರ್ಡ್ಸ್ ಅಣೆಕಟ್ಟು ಇತ್ತು. ಮೊದಮೊದಲು ಅದರಲ್ಲೂ ಲಾಕ್ ಇತ್ತು, ಆಮೇಲೆ ಗಿರಣಿಗಳಿಗೆ ಬಳಕೆಯಾಯಿತು. 1999ರ ಜುಲೈ 1ರಂದು ಅದನ್ನು ಒಡೆದರು. 162 ವರ್ಷ ಮುಚ್ಚಿದ್ದ ದಾರಿ. ಸಮುದ್ರದಿಂದ ಹತ್ತಿ ಬರುವ ಮೀನುಗಳು ಆ ದಾರಿಯನ್ನು ಬೇಗನೆ ಹಿಡಿದವು, ಮುಂದಿನ ವರ್ಷಗಳಲ್ಲಿ ಏಲ್‌ವೈಫ್ ಎಂಬ ಚಿಕ್ಕ ಮೀನು ಲಕ್ಷಗಟ್ಟಲೆ ಹತ್ತಿತು. ಅದರ ಹಿಂದೆ ಹದ್ದುಗಳು ಬಂದವು.

ಕೆಸರಿನ ಮಟ್ಟಿಗೆ ಉತ್ತರ ಬೇರೆ. ಇದನ್ನು ನಾನು ಕಣ್ಣಾರೆ ಕಂಡದ್ದು ನಮ್ಮ ಮಾದರಿಯಲ್ಲಿ. ಶೆಡ್ಡಿನಲ್ಲಿ ಇಟ್ಟಿಗೆ, ಸಿಮೆಂಟಿನ ದಂಡೆ, ನಡುವೆ ಸೋಸಿದ ಮರಳಿನ ತಳ, ಉದ್ದ ಸುಮಾರು ಮೂವತ್ತು ಹೆಜ್ಜೆ. ಒಂದು ತಗಡನ್ನು ಅಡ್ಡ ನಿಲ್ಲಿಸಿ ನೀರು ಬಿಟ್ಟೆವು. ಎರಡು ದಿನದಲ್ಲಿ ತಗಡಿನ ಹಿಂದೆ ಮರಳು ಅಂಚಿನವರೆಗೆ ತುಂಬಿತು. ಮೂರನೇ ದಿನ ತಗಡನ್ನು ಒಂದೇ ಸಲಕ್ಕೆ ಎಳೆದೆವು. ನೀರು ಮುಂದೆ ಓಡಿದ್ದನ್ನು ಎಲ್ಲರೂ ನೋಡುತ್ತಿದ್ದರು. ನಿಜವಾದ ಕೆಲಸ ಹಿಂದಕ್ಕೆ ನಡೆಯುತ್ತಿತ್ತು. ತಗಡು ಇದ್ದ ಜಾಗದಲ್ಲಿ ಮರಳಿನಲ್ಲಿ ಬೆರಳೆತ್ತರದ ಒಂದು ಮೆಟ್ಟಿಲು ಎದ್ದಿತು. ಆ ಮೆಟ್ಟಿಲು ಕುಸಿಯುತ್ತಾ, ಕುಸಿಯುತ್ತಾ ಮೇಲ್ಮುಖವಾಗಿ ಹೊರಟಿತು, ಯಾರೋ ಕಂಬಳಿಯನ್ನು ಒಂದು ತುದಿಯಿಂದ ಸುತ್ತಿಕೊಂಡು ಹೋದ ಹಾಗೆ. ಮೇಲೆ ಒಂದು ಸೇತುವೆಯ ಕಂಬ ಅಂತ ಮರದ ತುಂಡು ನಿಲ್ಲಿಸಿದ್ದೆವು. ಮೆಟ್ಟಿಲು ಅದರ ಬುಡಕ್ಕೆ ಬಂದಾಗ ಕಂಬ ವಾಲಿತು. ಮರುವಾರ ಅದೇ ತಗಡನ್ನು ದಿನಕ್ಕೆ ಒಂದೆರಡು ನೂಲಿನಷ್ಟು ಮಾತ್ರ ಇಳಿಸಿದೆವು. ಕಂಬ ನಿಂತಿತು. ಅವತ್ತಿನಿಂದ ಅಣೆಕಟ್ಟು ಒಡೆಯುವ ವಿಡಿಯೋದಲ್ಲಿ ಎಲ್ಲರೂ ಸ್ಫೋಟ ನೋಡುವಾಗ ನಾನು ಮೇಲಿನ ಸೇತುವೆ ಎಲ್ಲಿದೆ ಎಂದು ಹುಡುಕುತ್ತೇನೆ.

ಕೆಸರಿನೊಳಗೆ ಏನಿದೆ ಎನ್ನುವುದು ಇನ್ನೂ ದೊಡ್ಡ ಪ್ರಶ್ನೆ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯಲ್ಲಿ ಫೋರ್ಟ್ ಎಡ್ವರ್ಡ್ ಎಂಬ ಹಳೆಯ ಅಣೆಕಟ್ಟನ್ನು 1973ರಲ್ಲಿ ತೆಗೆದರು. ಮೇಲಿನ ಕಾರ್ಖಾನೆಗಳಿಂದ ಬಂದ ಪಿಸಿಬಿ ಎಂಬ ವಿಷ ಅದರ ಹಿಂದಿನ ಕೆಸರಿನಲ್ಲಿ ಕೂತಿತ್ತು. ಅಣೆಕಟ್ಟು ಹೋದ ಮೇಲೆ ಆ ಕೆಸರು ಕೆಳಗೆ ಹರಡಿತು. ಕೆಳಗಿದ್ದ ದೋಣಿ ದಾರಿಯೂ ಹೂಳಿನಿಂದ ಮುಚ್ಚಿತು. ಮೀನು ತಿನ್ನಬೇಡಿ ಎಂದು ಹೇಳಬೇಕಾಯಿತು. 2009ರಿಂದ 2015ರವರೆಗೆ ತಳ ತೋಡಿ ಆ ಕೆಸರು ತೆಗೆದರು. ಅದರಿಂದ ಕಲಿತವರು ಈಗ ಒಡೆಯುವ ಮೊದಲು ಕೊಳವೆ ಇಳಿಸಿ ಕೆಸರಿನ ಮಾದರಿ ತೆಗೆದು ಪರೀಕ್ಷೆ ಮಾಡುತ್ತಾರೆ. ಪರೀಕ್ಷೆ ಮಾಡದೆ ಒಡೆಯಿರಿ ಎನ್ನುವವರ ಜೊತೆ ನಾನು ಯಾವತ್ತೂ ನಿಲ್ಲುವುದಿಲ್ಲ.

ಒಡೆಯುವುದು ಇಲ್ಲವೇ ಹಾಗೇ ಬಿಡುವುದು, ಇವೆರಡೇ ದಾರಿ ಅಲ್ಲ. ಮಿಸಿಸಿಪ್ಪಿಯ 8ನೇ ಕೆರೆಯಲ್ಲಿ 2001 ಮತ್ತು 2002ರ ಬೇಸಿಗೆಗಳಲ್ಲಿ ನೀರಿನ ಮಟ್ಟವನ್ನು ಸುಮಾರು ಒಂದೂವರೆ ಅಡಿ ಇಳಿಸಿ ನೋಡಿದರು. ಬಾರ್ಜ್ ನಿಲ್ಲಲಿಲ್ಲ, ದಾರಿಯ ತಳವನ್ನು ಮೊದಲೇ ತೋಡಿಟ್ಟಿದ್ದರು. ಕೆಸರು ಬಿಸಿಲಿಗೆ ಒಣಗಿತು. ಅದರೊಳಗೆ ವರ್ಷಗಟ್ಟಲೆ ಮಲಗಿದ್ದ ಬೀಜಗಳು ಎದ್ದವು, ಸಾವಿರಾರು ಎಕರೆ ಕೆಸರಿನ ಮೇಲೆ ಹಸಿರು ಬಂತು. ನದಿಗೆ ಒಂದು ಬೇಸಿಗೆ ವಾಪಸ್ ಕೊಟ್ಟರೆ ಸಾಕು, ಅಷ್ಟು ಕೆಲಸ ಮಾಡುತ್ತದೆ.

ಇದಕ್ಕಿಂತ ಹಳೆಯ ಜಾಣತನ ನಿಮ್ಮ ತವರಿನ ಸುತ್ತಲೇ ಇದೆ. ಬಾಂದಾರ ನೋಡಿದ್ದೀರಲ್ಲ? ಕೊಲ್ಲಾಪುರ ಮಾದರಿಯ ಬಾಂದಾರದಲ್ಲಿ ಕಲ್ಲಿನ ಕಂಬಗಳು, ನಡುವೆ ಹಲಗೆ ಕೂರಿಸುವ ಸಂದಿ. ಮರಾಠಿಯವರು ಆ ಹಲಗೆಗೆ ಬರ್ಗೆ ಎನ್ನುತ್ತಾರೆ. ಮಳೆಗಾಲಕ್ಕೆ ಮೊದಲು ಹಲಗೆಯನ್ನೆಲ್ಲ ಎತ್ತಿ ದಂಡೆಯಲ್ಲಿ ಪೇರಿಸುತ್ತಾರೆ. ಪ್ರವಾಹ, ಹೂಳು, ಮೀನು, ಎಲ್ಲ ಹಾದುಹೋಗುತ್ತದೆ. ಮಳೆ ಮುಗಿದ ಮೇಲೆ ಮತ್ತೆ ಕೂರಿಸುತ್ತಾರೆ. ಅಮೆರಿಕದ ಓಹಾಯೋ ನದಿಯಲ್ಲಿ 1885ರಲ್ಲಿ ಕಟ್ಟಿದ ಮೊದಲ ದೋಣಿ ಅಣೆಕಟ್ಟಿನಲ್ಲೂ ಇದೇ ಗುಟ್ಟು. ಮರದ ಹಲಗೆಗಳನ್ನು ನೀರು ಕಡಿಮೆ ಇದ್ದಾಗ ಎಬ್ಬಿಸಿ ನಿಲ್ಲಿಸುತ್ತಿದ್ದರು. ನೀರು ಹೆಚ್ಚಾದಾಗ ತಳಕ್ಕೆ ಮಲಗಿಸುತ್ತಿದ್ದರು, ದೋಣಿಗಳು ಅದರ ಮೇಲೆಯೇ ದಾಟುತ್ತಿದ್ದವು. ಬಾಂದಾರಕ್ಕೂ ತೊಂದರೆ ಇದೆ. ಕಬ್ಬಿಣದ ಹಲಗೆ ತುಕ್ಕು ಹಿಡಿಯುತ್ತದೆ, ಕೆಲವು ಕಡೆ ಕಳವಾಗುತ್ತದೆ, ಮಳೆ ಬೇಗ ಬಂದರೆ ಎತ್ತಲು ಆಗದೆ ಹೊಲಕ್ಕೆ ನೀರು ನುಗ್ಗುತ್ತದೆ. ಆದರೂ ನಾಲ್ಕು ತಿಂಗಳು ನದಿಯನ್ನು ನದಿಯಾಗಿ ಬಿಡುವ ಕಟ್ಟಡ ಅದು. ಕಾಯಂ ಗೋಡೆಗಿಂತ ಎಷ್ಟೋ ಮೇಲು.

ಈಗ ಪುಣೆ. ಇಲ್ಲಿ ಯೋಜನೆಯ ಉದ್ದ 44 ಕಿ.ಮೀ., 2022ರಲ್ಲಿ ಅಡಿಗಲ್ಲು ಹಾಕಿದರು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಈ ಊರಿನ ಒಳ್ಳೆಯ ನೀರನ್ನು ಮೇಲೆಯೇ ಹಿಡಿದಾಗಿದೆ. ಖಡಕ್‌ವಾಸ್ಲಾ, ಪಾನಶೆತ್, ವರಸಗಾವ್, ಟೆಮಘರ್, ಆ ಕಡೆ ಮುಳಶಿ, ಪವನಾ. ಮಳೆಗಾಲ ಬಿಟ್ಟರೆ ನಗರದೊಳಗೆ ನದಿಯಲ್ಲಿ ಹರಿಯುವುದರಲ್ಲಿ ಜಾಸ್ತಿ ಪಾಲು ನಮ್ಮದೇ ಮನೆಗಳ ನೀರು, ಅದೂ ಎಲ್ಲ ಶುದ್ಧವಾಗಿ ಬರುವುದಿಲ್ಲ. ಅದಕ್ಕೆ ಅಡ್ಡ ಕಟ್ಟಿದರೆ ನಿಲ್ಲುವುದು ಆ ನೀರೇ. ಹರಿಯುವ ಕೊಳಚೆ ಕಲ್ಲಿಗೆ ಬಡಿದು ಸ್ವಲ್ಪವಾದರೂ ಗಾಳಿ ಕುಡಿಯುತ್ತದೆ. ನಿಂತದ್ದು ಕೊಳೆಯುತ್ತದೆ, ಸೊಳ್ಳೆ ಸಾಕುತ್ತದೆ, ಮೇಲೆ ಜಲಪರ್ಣಿ ಎಂಬ ತೇಲುವ ಕಳೆ ಹೊದೆಯುತ್ತದೆ. ಮೊದಲು ಕೊಳಚೆ, ಆಮೇಲೆ ದೋಣಿ. ಈ ಸರದಿ ತಪ್ಪಬಾರದು.

ಎರಡನೆಯದು ಪ್ರವಾಹ. 2024ರ ಜುಲೈ 25ರಂದು ಖಡಕ್‌ವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ನುಗ್ಗಿದ್ದು ನಿಮಗೂ ನೆನಪಿರಬಹುದು. ನದಿಗೆ ಅಡ್ಡ ಏನೇ ಕಟ್ಟಿದರೂ ಅಂಥ ರಾತ್ರಿಯಲ್ಲಿ ಅದರ ಗೇಟು ಪೂರ್ತಿ ತೆರೆಯಬೇಕು, ತೆರೆಯಲು ಅಲ್ಲಿ ಮನುಷ್ಯ ಇರಬೇಕು, ಕರೆಂಟು ಹೋದರೂ ಅದು ನಡೆಯಬೇಕು. ಯೋಜನೆಯ ಬಗ್ಗೆ ನಾಗರಿಕರ ಸಭೆ ನಡೆದರೆ ಮಗಳನ್ನು ಕರೆದುಕೊಂಡು ಹೋಗಿ ಕೇಳಿ. ಗೇಟು ಯಾರ ಕೈಯಲ್ಲಿ? ವರ್ಷದಲ್ಲಿ ಎಷ್ಟು ತಿಂಗಳು ತೆರೆದಿರುತ್ತದೆ? ಹಿಂದೆ ಕೂರುವ ಹೂಳು ಎಲ್ಲಿಗೆ ಹೋಗುತ್ತದೆ? ಮೂವತ್ತು ವರ್ಷದ ನಂತರ ಇದು ಬೇಡವಾದರೆ ತೆಗೆಯುವ ಖರ್ಚು ಎಲ್ಲಿಂದ ಬರುತ್ತದೆ? ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಕೆಂಟಕಿಯಲ್ಲಿ, ಫ್ಲಾರಿಡಾದಲ್ಲಿ ಕಟ್ಟುವ ದಿನ ಯಾರೂ ಅದನ್ನು ಕೇಳಲಿಲ್ಲ.

ಇನ್ನೊಂದು ವಿಷಯ ನಿಮ್ಮ ಮಗಳಿಗಾಗಿ. 1839ರಲ್ಲಿ ಕರ್ನಲ್ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ದಖನ್ನಿನ ಮೀನುಗಳ ಬಗ್ಗೆ ಬರೆದ. ಮರಾಠಿಯಲ್ಲಿ ಖುಡ್ರೆ ಎನ್ನುವ ಮಹಶೀರ್ ಮೀನಿಗೆ ವಿಜ್ಞಾನದ ಹೆಸರು ಕೊಟ್ಟದ್ದು ಅವನೇ, ಮೀನು ಸಿಕ್ಕಿದ್ದು ಪುಣೆಯ ಪೂರ್ವಕ್ಕೆ ಕೆಲವು ಮೈಲಿ ದೂರದಲ್ಲಿ, ಇದೇ ಮುಳಾ-ಮುಠಾದಲ್ಲಿ. ಮುಂಢವಾ ಕೂಡ ಅದೇ ದಿಕ್ಕಿನಲ್ಲಿದೆ. ಆ ಮೀನಿಗೆ ಓಡುವ ನೀರು ಬೇಕು, ತೊಳೆದ ಜಲ್ಲಿ ಬೇಕು.

ಅಣೆಕಟ್ಟು ನದಿಗೆ ಏನು ಮಾಡುತ್ತದೆ ಎಂದು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಬಂಡ್ ಗಾರ್ಡನ್ ಸೇತುವೆಗೆ ಹೋಗಿ. ಆ ತೋಟದ ಹೆಸರಿನಲ್ಲಿರುವ ಬಂಡ್ 1850ರ ಸುಮಾರಿಗೆ ಸರ್ ಜಮ್‌ಶೆಟ್‌ಜಿ ಜೀಜಿಭಾಯ್ ಅವರ ದಾನದಿಂದ ಕಟ್ಟಿದ್ದು, ಊರಿಗೆ ನೀರು ಸಿಗಲೆಂದು. ಬಂಡಿನ ಮೇಲಿನ ನೀರು ನೋಡಿ, ಆಮೇಲೆ ಕೆಳಗಿನದ್ದು ನೋಡಿ. ಬಣ್ಣ ನೋಡಿ, ವಾಸನೆ ನೋಡಿ, ಬಕಗಳು ಎಲ್ಲಿ ನಿಂತಿವೆ ಎಂದು ಎಣಿಸಿ. ಅವು ಬಹುಮಟ್ಟಿಗೆ ತೆಳು ನೀರು ಓಡುವ ಕಡೆಯೇ ನಿಂತಿರುತ್ತವೆ. ನೋಡುವುದೆಲ್ಲ ಮೇಲಿನಿಂದಲೇ ನೋಡಿ. ಬಂಡಿನ ಬುಡದಲ್ಲಿ ಮಾತ್ರ ಯಾರನ್ನೂ ನೀರಿಗೆ ಇಳಿಯಲು ಬಿಡಬೇಡಿ. ಮೇಲಿನಿಂದ ಬಿದ್ದ ನೀರು ಅಲ್ಲಿ ತಿರುಗಿ ಗೋಡೆಯ ಕಡೆಗೇ ಎಳೆಯುತ್ತದೆ. ಮೊಣಕಾಲು ಆಳ ಎಂದು ಕಾಣುವ ಕಡೆಯೂ ಒಳ್ಳೆಯ ಈಜುಗಾರರು ಅಲ್ಲಿಂದ ಹೊರಗೆ ಬರಲಾಗದೆ ಹೋಗಿದ್ದಾರೆ.